ಎರಡು ಗುಂಡಿನ ಸದ್ದು ಯಾರ ಮನೆಯವರೆಗೆ?

ಕೊಡಗಿನ ಹಳ್ಳಿಯಲ್ಲಿ ಯಾರಾದರೂ ತೀರಿಕೊಂಡರೆ ಹಿಂದೆ ಊರಿಗೆ ಸುದ್ದಿ ಮುಟ್ಟಿಸುತ್ತಿದ್ದದ್ದು ಕೋವಿ. ಒಂದರ ಬೆನ್ನಿಗೆ ಇನ್ನೊಂದು, ಎರಡು ಗುಂಡು ಹಾರಿದರೆ ಸಾವು. ಗಂಡುಮಗು ಹುಟ್ಟಿದರೆ ಒಂದೇ ಗುಂಡು. ಇಲ್ಲಿನ ಮನೆಗಳು ಬಯಲುಸೀಮೆಯ ಹಾಗೆ ಗೋಡೆಗೆ ಗೋಡೆ ತಾಗಿಕೊಂಡು ನಿಂತವಲ್ಲ. ಒಂದು ಮನೆ ಈ ಗುಡ್ಡದ ಬದಿಯಲ್ಲಿದ್ದರೆ ಇನ್ನೊಂದು ಗದ್ದೆಯಾಚೆಯ ಗುಡ್ಡದಲ್ಲಿ, ನಡುವೆ ತೋಟ, ತೋಡು, ಕಾಡು. ಮಳೆಗಾಲದಲ್ಲಿ ಕೂಗಿದರೆ ಕೇಳದು. ಹಾಗಾಗಿ ಕೋವಿಯೇ ಕರೆಯಾಯಿತು. ಸದ್ದು ಕೇಳಿದವರು ಗದ್ದೆಯಲ್ಲಿದ್ದರೆ ಗುದ್ದಲಿ ಅಲ್ಲೇ ಬಿಟ್ಟು, ಯಾವ ದಿಕ್ಕಿನಿಂದ ಬಂತೆಂದು ಅಂದಾಜು ಮಾಡಿ ಹೊರಡುತ್ತಿದ್ದರು.

ಸಾವಿನ ಮನೆಯಲ್ಲಿ ಮನೆಯವರು ಅಡುಗೆಗೆ ಕೈ ಹಾಕುವುದಿಲ್ಲ. ಅಕ್ಕಪಕ್ಕದವರೇ ಸೌದೆ ಒಡೆದು, ದೊಡ್ಡ ಪಾತ್ರೆ ತಂದು, ಹೊರಗೆ ಒಲೆ ಹೂಡಿ, ಬಂದವರಿಗೆಲ್ಲ ಬೆಲ್ಲದ ಕಾಫಿ ಕೊಡುತ್ತಾರೆ. ಒಬ್ಬರು ನೆಂಟರಿಗೆ ಫೋನು ಮಾಡುತ್ತಾರೆ, ಇನ್ನೊಬ್ಬರು ಕುರ್ಚಿ–ಶಾಮಿಯಾನಕ್ಕೆ ಪಿಕಪ್ ಕಳಿಸುತ್ತಾರೆ, ಹೆಂಗಸರು ಮನೆಯವರ ಪಕ್ಕ ಕೂರುತ್ತಾರೆ. ಇದನ್ನು ಯಾರೂ ಹಂಚಿಕೊಡುವುದಿಲ್ಲ. ಯಾರು ಯಾವ ಕೆಲಸಕ್ಕೆ ನಿಲ್ಲಬೇಕೆಂಬುದು ಊರಿಗೆ ಗೊತ್ತಿರುತ್ತದೆ. ಹನ್ನೊಂದನೇ ದಿನದ ಮಾದ ಎಂಬ ಉತ್ತರಕ್ರಿಯೆ ಮುಗಿಯುವವರೆಗೆ ಆ ಮನೆಯ ಭಾರ ಒಬ್ಬರ ಮೇಲೇ ಬೀಳದ ಹಾಗೆ ನೋಡಿಕೊಳ್ಳುವುದು ಇಲ್ಲಿಯ ಕ್ರಮ. ಕೊಡವರಲ್ಲೂ ಅರೆಭಾಷೆ ಗೌಡರಲ್ಲೂ ಇದರ ವಿವರ ಅಷ್ಟಿಷ್ಟು ಬೇರೆ, ಒಳಗಿನ ಲೆಕ್ಕ ಒಂದೇ.

ಕೊಡಗಿನ ನೆರವನ್ನು ಕುರಿತು ಮಾತಾಡುವಾಗ ನಾವು ಈ ಚಿತ್ರವನ್ನೇ ಹೆಮ್ಮೆಯಿಂದ ಮುಂದಿಡುತ್ತೇವೆ. ಹೆಮ್ಮೆ ಸರಿಯೇ. ಆದರೆ ಇದೆಲ್ಲ ಸಂಬಂಧದ ಹಾದಿಯಲ್ಲಿ ಹರಿದ ನೆರವು. ಒಕ್ಕ (ಒಂದೇ ಮೂಲದ ಮನೆತನ), ಕೇರಿ, ಊರು, ನಾಡು ಎಂಬ ಸುತ್ತುಗಳೊಳಗೆ ಯಾರಿದ್ದರೋ ಅವರಿಗೆ ಅದು ಕೇಳದೆಯೇ ಸಿಕ್ಕಿತು. ಸುತ್ತಿನ ಹೊರಗಿದ್ದವರಿಗೆ ಕೇಳಿದರೂ ತಡವಾಗಿ ಸಿಕ್ಕಿತು, ಕೆಲವೊಮ್ಮೆ ಸಿಗಲೇ ಇಲ್ಲ. ಈ ಸುತ್ತು ಹೇಗೆ ಹಿಗ್ಗಿತು, ಎಲ್ಲಿ ನಿಂತಿತು ಎಂಬುದೇ ಈ ಲೇಖನದ ವಿಷಯ.

ಅರುವನಿಂದ ಶುರು ಮಾಡೋಣ. ಪ್ರತಿ ಕೊಡವ ಒಕ್ಕಕ್ಕೂ ಬೇರೆ ಒಕ್ಕದ ಒಬ್ಬ ಅರುವ ಇರುತ್ತಾನೆ. ಮದುವೆಯಲ್ಲಿ ಮಾತು ಕೊಡುವುದು, ಆಸ್ತಿ ಪಾಲಿನಲ್ಲಿ ಸಾಕ್ಷಿ ನಿಲ್ಲುವುದು, ಮನೆಯೊಳಗೆ ಜಗಳ ಬಂದಾಗ ಕೂರಿಸಿ ಮಾತಾಡಿಸುವುದು ಅವನ ಕೆಲಸ. ಮನೆಯವರಷ್ಟೇ ಹತ್ತಿರದವನು, ಆದರೆ ಮನೆಯವನಲ್ಲ. ವಿಧವೆಗೋ ತಂದೆಯಿಲ್ಲದ ಮಕ್ಕಳಿಗೋ ಒಕ್ಕದೊಳಗೇ ಅನ್ಯಾಯವಾದರೆ ಬಾಯಿ ತೆರೆಯಬೇಕಾದವನು ಅವನೇ. ಕಷ್ಟದಲ್ಲಿರುವವರ ಪರವಾಗಿ ಹೊರಗಿನವರೊಬ್ಬರು ಮಾತಾಡಬೇಕು ಎಂಬುದನ್ನು ವ್ಯವಸ್ಥೆಯಾಗಿಯೇ ಕಟ್ಟಿಟ್ಟ ಸಮಾಜ ಇದು. ಈ ಬಗ್ಗೆ ನನಗೆ ಬಹಳ ಗೌರವವಿದೆ.

ಗದ್ದೆಯ ನೆರವು ಇನ್ನೊಂದು ಬಗೆ. ನಾಟಿಯ ದಿನಗಳಲ್ಲಿ ಇವತ್ತು ನಿಮ್ಮ ಗದ್ದೆಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು ಎಂಬ ಮುಯ್ಯಾಳು ಪದ್ಧತಿ ಮಲೆನಾಡಿನ ಉದ್ದಕ್ಕೂ ಇತ್ತು, ಇಲ್ಲೂ ಇತ್ತು. ಅದೇ ಹೊತ್ತಿಗೆ, ಅಂದರೆ ಜುಲೈ–ಆಗಸ್ಟಿನ ಕಕ್ಕಡ ತಿಂಗಳಲ್ಲಿ, ಮನೆಯ ಪತ್ತಾಯದ, ಅಂದರೆ ಭತ್ತದ ಕಣಜದ, ತಳ ಕಾಣುತ್ತಿತ್ತು. ಹಿಂದಿನ ವರ್ಷದ ಭತ್ತ ಮುಗಿದಿದೆ, ಹೊಸದು ಇನ್ನೂ ಸಸಿ. ಹೊರಗೆ ಬಿಡದೆ ಸುರಿಯುವ ಮಳೆ. ಈ ಹಸಿವಿಗೆ ಊರವರೇ ಕಂಡುಕೊಂಡ ಉಪಾಯ ಧವಸ ಭಂಡಾರ. ಸುಗ್ಗಿಯಲ್ಲಿ ಸದಸ್ಯರು ಭತ್ತ ತಂದು ಹಾಕುವುದು, ಮಳೆಗಾಲದಲ್ಲಿ ಬೇಕಾದವರು ಸಾಲವಾಗಿ ಒಯ್ಯುವುದು, ಮುಂದಿನ ಸುಗ್ಗಿಯಲ್ಲಿ ಬಡ್ಡಿಯನ್ನೂ ಭತ್ತದಲ್ಲೇ ಸೇರಿಸಿ ಅಳೆದು ಕೊಡುವುದು. ಹಣದ ಮಾತೇ ಇಲ್ಲ. ಸಾಹುಕಾರನ ಮುಂದೆ ಕೈಕಟ್ಟಿ ನಿಲ್ಲಬೇಕಿಲ್ಲ. ಸಹಕಾರ ಸಂಘಗಳಾಗಿ ನೋಂದಣಿಯಾದ ಇಂಥ ಭಂಡಾರಗಳು ಕೊಡಗಿನ ಹಳ್ಳಿಗಳಲ್ಲಿ ಈಗಲೂ ಇವೆ. ಗದ್ದೆಗಳು ಪಾಳು ಬಿದ್ದ ಕಡೆ ಭತ್ತದ ಬದಲು ಹಣದ ಸಾಲಕ್ಕೆ ತಿರುಗಿವೆ. ಮಹಾಸಭೆಯ ಸುದ್ದಿ ಪತ್ರಿಕೆಯ ಮೂಲೆಯಲ್ಲಿ ಬಂದುಹೋಗುತ್ತದೆ, ಯಾರೂ ಗಮನಿಸುವುದಿಲ್ಲ. ನನ್ನ ಮಟ್ಟಿಗೆ ಈ ಜಿಲ್ಲೆಯ ಅತ್ಯಂತ ಘನವಾದ ಆವಿಷ್ಕಾರಗಳಲ್ಲಿ ಅದೂ ಒಂದು. ಸಾಲ ತೆಗೆದುಕೊಂಡವನ ಮರ್ಯಾದೆ ಅಲ್ಲಿ ಉಳಿಯುತ್ತಿತ್ತು.

ಆದರೆ ಭತ್ತ ಹಾಕಲು ಗದ್ದೆ ಇರಬೇಕು. ಗದ್ದೆಯಿಲ್ಲದ ಎರವ, ಕುರುಬ ಆದಿವಾಸಿಗಳು, ಊರಿನ ಅಂಚಿನಲ್ಲಿ ಬದುಕಿದ ದುಡಿಯುವ ಜಾತಿಗಳವರು ಈ ಲೆಕ್ಕದಲ್ಲಿ ಎಲ್ಲಿದ್ದರು? ಅವರು ಐನ್‌ಮನೆಯ, ಅಂದರೆ ಒಕ್ಕದ ಮೂಲಮನೆಯ, ಗದ್ದೆಯಲ್ಲಿ ಇದ್ದರು, ಕೆಲಸದವರಾಗಿ. ಹಬ್ಬಕ್ಕೆ ಅಕ್ಕಿ, ಬಟ್ಟೆ, ಕಾಯಿಲೆ ಬಿದ್ದರೆ ಔಷಧಿ ಸಿಗುತ್ತಿದ್ದುದು ನಿಜ. ಪ್ರತಿಯಾಗಿ ದುಡಿಮೆ ತಲೆಮಾರಿನಿಂದ ತಲೆಮಾರಿಗೆ ಕಟ್ಟಿಹಾಕಲ್ಪಟ್ಟಿತ್ತು ಎಂಬುದೂ ನಿಜ. ಜೀತ ಕಾನೂನಿನಲ್ಲಿ ಕೊನೆಗೊಂಡದ್ದು 1976ರ ಕಾಯ್ದೆಯಿಂದ. ಅನ್ನ ಹಾಕಿದ ಕೈಯನ್ನು ನೆನೆಯುವವರು ಈ ಕಟ್ಟನ್ನೂ ನೆನೆಯಬೇಕು. ಒಂದನ್ನು ಮಾತ್ರ ಹೇಳಿದರೆ ಅದು ಅರ್ಧ ಚರಿತ್ರೆ.

ಸುತ್ತಿನ ಹೊರಗಿನವರಿಗೆ ಬಾಗಿಲು ತೆರೆದ ಉದಾಹರಣೆಗಳೂ ಇವೆ. ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡ ಕರಾವಳಿಯ ಕ್ರೈಸ್ತರಿಗೆ ಕೊಡಗಿನ ರಾಜ ದೊಡ್ಡವೀರರಾಜೇಂದ್ರ ತಾನು ಕಟ್ಟಿಸಿದ ವಿರಾಜಪೇಟೆಯಲ್ಲಿ ನೆಲೆ ಕೊಟ್ಟ. ಸಂತ ಅನ್ನಮ್ಮನ ಚರ್ಚಿನ ಚರಿತ್ರೆ ಆ 1792ರಿಂದಲೇ ಶುರುವಾಗುತ್ತದೆ. ಅದು ರಾಜನ ಕೊಡುಗೆ, ಅದರಲ್ಲಿ ರಾಜಕಾರಣವೂ ಇತ್ತು. 1934ರ ಫೆಬ್ರವರಿಯದು ಬೇರೆ ಬಗೆಯ ಘಟನೆ. ಹರಿಜನ ನಿಧಿಗಾಗಿ ದೇಶ ಸುತ್ತುತ್ತಿದ್ದ ಗಾಂಧೀಜಿ ಕೊಡಗಿಗೆ ಬಂದಾಗ, ಸುಂಟಿಕೊಪ್ಪದ ಹತ್ತಿರದ ಗುಂಡುಗುತ್ತಿ ತೋಟದಲ್ಲಿದ್ದ ಕತೆಗಾರ್ತಿ ಕೊಡಗಿನ ಗೌರಮ್ಮ, ಗಾಂಧೀಜಿ ತಮ್ಮ ಮನೆಗೆ ಬರಲೇಬೇಕೆಂದು ಉಪವಾಸ ಕೂತರು. ಗಾಂಧೀಜಿ ಬಂದರು. ಗೌರಮ್ಮ ತಮ್ಮ ಒಡವೆಗಳನ್ನು ನಿಧಿಗೆ ಕೊಟ್ಟುಬಿಟ್ಟರು. ಆಗ ಅವರ ವಯಸ್ಸು ಇಪ್ಪತ್ತೆರಡರ ಆಸುಪಾಸು. ಈ ಪ್ರಸಂಗವನ್ನು ಗಾಂಧಿಯ ಕಥೆಯಾಗಿ ಹೇಳುವುದೇ ಹೆಚ್ಚು. ಒಬ್ಬ ಯುವತಿ ತನ್ನ ಜಾತಿ, ತನ್ನ ನೆಂಟಸ್ತನ ಯಾವುದಕ್ಕೂ ಸೇರದವರಿಗಾಗಿ ಮೈಮೇಲಿನದ್ದನ್ನು ಬಿಚ್ಚಿಕೊಟ್ಟಳು ಎಂಬುದು ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ಕಾಫಿ ತೋಟಗಳು ಬೆಳೆದಂತೆ ಊರಿನ ಜನಸಂಖ್ಯೆಯ ರೂಪವೇ ಬದಲಾಯಿತು. ಕೇರಳದಿಂದ, ತಮಿಳುನಾಡಿನಿಂದ, ಕರಾವಳಿಯಿಂದ, ಈಚೆಗೆ ಅಸ್ಸಾಂ, ಬಂಗಾಳದಿಂದ ಕಾರ್ಮಿಕರು ಬಂದರು. ಅವರಿಗೆಂದು ತೋಟದೊಳಗೆ ಲೈನ್ ಮನೆಗಳು. 1951ರ ಪ್ಲಾಂಟೇಶನ್ ಕಾರ್ಮಿಕರ ಕಾಯ್ದೆ ಮನೆ, ನೀರು, ವೈದ್ಯಕೀಯ ಸೌಲಭ್ಯ ಕೊಡುವ ಹೊಣೆಯನ್ನು ಮಾಲೀಕರ ಮೇಲೆ ಹಾಕಿತು. ಆದರೆ 5 ಹೆಕ್ಟೇರಿಗಿಂತ ಚಿಕ್ಕ ತೋಟಗಳಿಗೆ ಅದು ಅನ್ವಯಿಸುತ್ತಿರಲಿಲ್ಲ, ಮತ್ತು ಕೊಡಗಿನ ಬೆಳೆಗಾರರಲ್ಲಿ ಬಹುಪಾಲು ಸಣ್ಣವರು. ಕಾಯ್ದೆ ಇದ್ದ ಕಡೆಯೂ ಒಂದು ತೊಡಕು ಉಳಿಯಿತು. ಲೈನ್ ಮನೆ ಕಾರ್ಮಿಕನದಲ್ಲ, ಮಾಲೀಕನದು. ಮೂವತ್ತು ವರ್ಷ ಇದ್ದರೂ ಹಕ್ಕುಪತ್ರ ಇಲ್ಲ. ಕೆಲಸ ಬಿಟ್ಟ ದಿನ ಮನೆಯೂ ಹೋಯಿತು. ಎಷ್ಟೋ ಕಡೆ ರೇಷನ್ ಕಾರ್ಡಿಗೂ ವಾಸದ ದಾಖಲೆ ಇಲ್ಲ. ಒಳ್ಳೆಯ ಮಾಲೀಕರು ಮಕ್ಕಳ ಶಾಲೆಗೆ ಜೀಪು ಕಳಿಸಿದ್ದಾರೆ, ಹೆರಿಗೆಗೆ ರಾತ್ರೋರಾತ್ರಿ ಆಸ್ಪತ್ರೆಗೆ ಸೇರಿಸಿದ್ದಾರೆ. ಅವರೆಲ್ಲ ನಮ್ಮ ನಡುವೆಯೇ ಇದ್ದಾರೆ. ಆದರೆ ಮಾಲೀಕರ ಒಳ್ಳೆಯತನದ ಮೇಲೆ ನಿಂತ ಬದುಕು ಮಾಲೀಕರು ಬದಲಾದ ದಿನ ಅಲುಗಾಡುತ್ತದೆ.

ಈ ಅಲುಗಾಟ ಎಲ್ಲರ ಕಣ್ಣಿಗೆ ಬಿದ್ದದ್ದು 2016ರ ಡಿಸೆಂಬರಿನಲ್ಲಿ. ಲೈನ್ ಮನೆ ಬಿಟ್ಟು ಬಂದು ದಿಡ್ಡಳ್ಳಿಯಲ್ಲಿ ಗುಡಿಸಲು ಕಟ್ಟಿಕೊಂಡಿದ್ದ ಆದಿವಾಸಿ ಕುಟುಂಬಗಳನ್ನು ಅರಣ್ಯಭೂಮಿ ಎಂದು ಒಕ್ಕಲೆಬ್ಬಿಸಲಾಯಿತು. ಐನೂರಕ್ಕೂ ಹೆಚ್ಚು ಕುಟುಂಬಗಳು ಚಳಿಯಲ್ಲಿ ಮರದಡಿಗೆ ಬಂದವು. ನಾಡಿನ ಮೂಲೆಮೂಲೆಯಿಂದ ಹೋರಾಟಗಾರರು ಬಂದರು, ತೊಂಬತ್ತು ದಾಟಿದ್ದ ಎಚ್.ಎಸ್. ದೊರೆಸ್ವಾಮಿ ಅವರೂ ಬಂದರು. ಕೊನೆಗೆ ಬಸವನಹಳ್ಳಿ, ಬ್ಯಾಡಗೊಟ್ಟಗಳಲ್ಲಿ ಪುನರ್ವಸತಿ ಆಯಿತು. ಆದರೆ ಆ ವಾರಗಳಲ್ಲಿ ಕೊಡಗು ಎರಡು ಮಾತಾಡಿತು. ಅನ್ನ, ಕಂಬಳಿ ಕೊಟ್ಟವರಿದ್ದರು. ‘ಇವರು ಹೊರಗಿನವರು, ಜಾಗ ಹೊಡೆಯಲು ಬಂದವರು’ ಎಂದವರೂ ಇದ್ದರು. ಎರವರಿಗಿಂತ ಮೊದಲು ಈ ಮಣ್ಣಿನಲ್ಲಿ ಇದ್ದವರು ಯಾರು ಎಂದು ಆಗ ಕೇಳಬೇಕಿತ್ತು.

ಅದಾಗಿ ಎರಡು ವರ್ಷವೂ ಕಳೆದಿರಲಿಲ್ಲ. 2018ರ ಆಗಸ್ಟ್, ಕಕ್ಕಡ ಮುಗಿದು ಮುಂದಿನ ತಿಂಗಳು ಚಿಂಗ್ಯಾರ್ ಹುಟ್ಟುವ ಹೊತ್ತು. ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಕಾಲೂರು, ಹೆಬ್ಬೆಟ್ಟಗೇರಿ, ಮೊಣ್ಣಂಗೇರಿ, ಜೋಡುಪಾಲ ಎಂಬ ಹಳ್ಳಿಗಳ ಹೆಸರುಗಳು ಎರಡು ಮೂರು ದಿನದಲ್ಲಿ ಇಡೀ ರಾಜ್ಯದ ಬಾಯಲ್ಲಿ ಬಂದವು. ಬರೆ, ಅಂದರೆ ಗುಡ್ಡದ ಇಳಿಜಾರಿನ ಮಣ್ಣು, ಕುಸಿಯುವುದು ನಮಗೆ ಹೊಸದಲ್ಲ, ಪ್ರತಿ ಮಳೆಗಾಲದಲ್ಲೂ ರಸ್ತೆಗೆ ಒಂದಷ್ಟು ಮಣ್ಣು ಬರುತ್ತದೆ. ಆ ಬಾರಿ ಇಡೀ ಗುಡ್ಡಗಳೇ ತೋಟ, ಮನೆ, ಮರಗಳ ಸಮೇತ ಕೆಳಗಿಳಿದವು. 15ಕ್ಕೂ ಹೆಚ್ಚು ಜನ ಸತ್ತರು. ಸಾವಿರಾರು ಮಂದಿ ಉಟ್ಟ ಬಟ್ಟೆಯಲ್ಲಿ ಹೊರಬಂದರು. ಮಡಿಕೇರಿ–ಮಂಗಳೂರು ರಸ್ತೆ ಜೋಡುಪಾಲದ ಹತ್ತಿರ ತುಂಡಾಯಿತು. ಘಟ್ಟದ ಕೆಳಗಿನ ಭಾಗದವರು ಸಂಪಾಜೆ, ಕಲ್ಲುಗುಂಡಿ, ಅರಂತೋಡು ಕಡೆಗೆ ಇಳಿದರೆ, ಮೇಲಿನವರು ಮಡಿಕೇರಿ, ಸುಂಟಿಕೊಪ್ಪ, ಕುಶಾಲನಗರಗಳಿಗೆ ಬಂದರು.

ಹಳೆಯ ಪದ್ಧತಿ ಅಲ್ಲಿ ಹೊಸ ಕೆಲಸಕ್ಕೆ ಬಂತು. ಕೊಡವ ಸಮಾಜಗಳ ಸಭಾಭವನಗಳಲ್ಲಿ ಮದುವೆಗೆಂದು ಇಟ್ಟಿದ್ದ ದೊಡ್ಡ ಪಾತ್ರೆಗಳಲ್ಲಿ ಅನ್ನ–ಸಾರು ಬೆಂದವು. ಸಾವಿನ ಮನೆಯ ಒಲೆ ಹಚ್ಚಲು ಗೊತ್ತಿದ್ದ ಕೈಗಳಿಗೆ ನೂರಾರು ಜನರ ಅಡುಗೆ ಹೊಸದೆನಿಸಲಿಲ್ಲ. ಜೀಪು ಇದ್ದವರು ಜೀಪು ತಂದರು, ಹುಡುಗರು ಹಗ್ಗ ಕಟ್ಟಿಕೊಂಡು ತೋಡು ದಾಟಿ ಮುದುಕರನ್ನು ಹೊತ್ತು ತಂದರು. ಆ ವರ್ಷ ಬಕ್ರೀದ್ ಬಂದದ್ದು ಆಗಸ್ಟ್ 22ಕ್ಕೆ. ಶಿಬಿರಗಳು ಇನ್ನೂ ತುಂಬಿದ್ದವು, ಒಂದೇ ಸಭಾಂಗಣದ ಚಾಪೆಗಳ ಮೇಲೆ ಎಲ್ಲ ಜಾತಿಧರ್ಮದವರೂ ಮಲಗಿದ್ದರು. ಯಾರ ಒಕ್ಕ ಯಾವುದು ಎಂದು ಕೇಳದೆ ತಟ್ಟೆ ಕೊಟ್ಟದ್ದು ಇಲ್ಲಿನ ನೆರವಿನ ಚರಿತ್ರೆಯಲ್ಲಿ ದೊಡ್ಡ ತಿರುವು. ಸುತ್ತು ಅಷ್ಟು ಅಗಲಕ್ಕೆ ಹಿಗ್ಗಿದ್ದನ್ನು ನಮ್ಮ ತಲೆಮಾರು ಮೊದಲು ಕಂಡಿರಲಿಲ್ಲ.

ಹೊರಗಿನಿಂದ ಲಾರಿಗಟ್ಟಲೆ ಸಾಮಾನು ಬಂತು. ಅಕ್ಕಿ, ಬಿಸ್ಕತ್ತು, ನೀರಿನ ಬಾಟಲಿ, ಅದರ ಜೊತೆ ಹಳೆ ಬಟ್ಟೆಯ ರಾಶಿ. ಮಡಿಕೇರಿಯ ಆಗಸ್ಟಿನಲ್ಲಿ ಬೇಕಿದ್ದದ್ದು ಕಂಬಳಿ, ಸ್ವೆಟರು, ಟಾರ್ಪಾಲು, ಗಮ್‌ಬೂಟು, ಹೆಂಗಸರ ಒಳಉಡುಪು, ಸ್ಯಾನಿಟರಿ ಪ್ಯಾಡು, ಮುದುಕರ ಬಿಪಿ–ಸಕ್ಕರೆ ಕಾಯಿಲೆಯ ಮಾತ್ರೆ. ಕೊಡುವ ಮನಸ್ಸು ದೊಡ್ಡದಿತ್ತು. ಏನು ಬೇಕು ಎಂದು ಮೊದಲು ಕೇಳಿದ್ದರೆ ಅದು ಇನ್ನೂ ದೊಡ್ಡದಾಗುತ್ತಿತ್ತು.

ಮನೆ ಕಟ್ಟುವ ಕೆಲಸ ನಿಧಾನವಾಗಿ ನಡೆಯಿತು. ಕರ್ಣಂಗೇರಿ, ಮದೆನಾಡು, ಜಂಬೂರುಗಳಲ್ಲಿ ಬಡಾವಣೆಗಳು ಎದ್ದವು. ಜಂಬೂರಿಗೆ ಇನ್ಫೋಸಿಸ್ ಪ್ರತಿಷ್ಠಾನವೂ ಕೈಜೋಡಿಸಿತು. ಜಂಬೂರು, ಮದೆನಾಡುಗಳ ಮನೆಗಳ ಕೀಲಿ ಫಲಾನುಭವಿಗಳ ಕೈಗೆ ಬಂದದ್ದು 2020ರ ಜೂನಿನಲ್ಲಿ, ಕುಸಿತವಾಗಿ ಹೆಚ್ಚುಕಡಿಮೆ ಎರಡು ವರ್ಷದ ನಂತರ. ಗಟ್ಟಿ ಮನೆ ಸಿಕ್ಕಿತು. ಆದರೆ ತೋಟದ ನಡುವಿನ ಒಂಟಿ ಮನೆಯಲ್ಲಿ ಬೆಳೆದವರು ಸಾಲುಮನೆಗೆ ಬಂದರು, ದನಕ್ಕೆ ಕೊಟ್ಟಿಗೆ ಇಲ್ಲ, ತೋಟವೋ ಗಾಡಿ ಹತ್ತಿ ಹೋಗುವಷ್ಟು ದೂರ. ಪಕ್ಕದ ಮನೆಯವರು ಬೇರೆ ಊರಿನವರು. ಅಲ್ಲಿ ನೆರೆಹೊರೆ ಎಂಬುದು ಮೊದಲಿನಿಂದ ಕಟ್ಟಬೇಕಾಯಿತು.

2019ರ ಆಗಸ್ಟಿನಲ್ಲಿ ವಿರಾಜಪೇಟೆ ತಾಲ್ಲೂಕಿನ ತೋರದಲ್ಲಿ ಗುಡ್ಡ ಕುಸಿಯಿತು, ಭಾಗಮಂಡಲದ ಹತ್ತಿರ ಕೋರಂಗಾಲದಲ್ಲೂ ಕುಸಿಯಿತು. ಅದೇ ವಾರ ಕಾವೇರಿ ಉಕ್ಕಿ ಸಿದ್ದಾಪುರದ ಕರಡಿಗೋಡು, ನೆಲ್ಯಹುದಿಕೇರಿಯ ನದಿದಂಡೆಗಳಲ್ಲಿ ಮನೆಗಳು ಹೋದವು. ಇಲ್ಲಿದ್ದವರು ತೋಟದ ಕಾರ್ಮಿಕರು, ಕೂಲಿಯವರು, ದಾಖಲೆಯಿಲ್ಲದ ಜಾಗದಲ್ಲಿ ಮನೆ ಕಟ್ಟಿಕೊಂಡವರು. ಅನ್ನ ಇವರಿಗೂ ಸಿಕ್ಕಿತು. ಅನ್ನದ ನಂತರದ ಹಂತ ಮಾತ್ರ ಬೇರೆಯಾಯಿತು. ಪರಿಹಾರದ ಅರ್ಜಿ ಹಕ್ಕುಪತ್ರ ಕೇಳುತ್ತದೆ, ಇವರ ಹತ್ತಿರ ಅದಿಲ್ಲ. ಅಭ್ಯತ್‌ಮಂಗಲದಲ್ಲಿ ಪುನರ್ವಸತಿಗೆ ಜಾಗ ಗುರುತಿಸಿದ ಮೇಲೂ ಕೆಲಸ ಎಳೆಯುತ್ತ ಹೋಯಿತು, ಈ ಜನ ಪ್ರತಿಭಟನೆಗೆ ಕೂರಬೇಕಾಯಿತು. 2018ರಲ್ಲಿ ಹರಿದು ಬಂದ ಲಾರಿಗಳು ಈ ದಂಡೆಗೆ ಅಷ್ಟು ಬರಲಿಲ್ಲ. ಗುಡ್ಡ ಜಾರಿದ ಚಿತ್ರ ಟಿವಿಯಲ್ಲಿ ಕಂಡಷ್ಟು, ನೆನೆದು ಕುಸಿದ ಮಣ್ಣಿನ ಗೋಡೆ ಕಾಣಲಿಲ್ಲ.

ವಿಪತ್ತಿಲ್ಲದ ದಿನಗಳ ಕಷ್ಟವೂ ಒಂದಿದೆ, ಅದು ಕಾಯಿಲೆ. ದೊಡ್ಡ ಚಿಕಿತ್ಸೆ ಎಂದರೆ ಮೈಸೂರು ಇಲ್ಲವೇ ಮಂಗಳೂರು, ಎರಡೂ ನೂರು ಕಿಲೋಮೀಟರಿಗೂ ದೂರ. ಮಡಿಕೇರಿಗೆ ವೈದ್ಯಕೀಯ ಕಾಲೇಜು ಬಂದದ್ದು 2016ರಲ್ಲಿ. 2019ರ ಜೂನಿನಲ್ಲಿ ಕೊಡಗಿನ ಯುವಜನರು ತುರ್ತು ಚಿಕಿತ್ಸೆಯ ಸುಸಜ್ಜಿತ ಆಸ್ಪತ್ರೆ ಬೇಕೆಂದು ಟ್ವಿಟರ್‌ನಲ್ಲಿ ಅಭಿಯಾನ ನಡೆಸಿದಾಗ ದೇಶವೇ ಇತ್ತ ನೋಡಿತು. ದಾರಿಯಲ್ಲೇ ಜೀವ ಹೋದ ಒಬ್ಬರಾದರೂ ಇಲ್ಲದ ಮನೆತನ ಇಲ್ಲಿ ಕಡಿಮೆ, ಆ ಸಿಟ್ಟು ಅದರಲ್ಲಿತ್ತು. ಇನ್ನೊಂದೆಡೆ ಸುಂಟಿಕೊಪ್ಪದ ಸ್ವಸ್ಥ ಸಂಸ್ಥೆ ವಿಶೇಷ ಚೇತನ ಮಕ್ಕಳಿಗೆ ಪಾಠ, ತರಬೇತಿ ಕೊಡುತ್ತ ವರ್ಷಗಳಿಂದ ಸದ್ದಿಲ್ಲದೆ ನಡೆದಿದೆ. ಅಲ್ಲಿಗೆ ಬರುವ ಮಕ್ಕಳಲ್ಲಿ ಕಾರ್ಮಿಕರ ಮಕ್ಕಳೂ ಇದ್ದಾರೆ ಎಂಬುದು ಮುಖ್ಯ.

ಈಗ ಮೇ ತಿಂಗಳು ಬಂತೆಂದರೆ ಜಿಲ್ಲಾಡಳಿತ ಕಾಳಜಿ ಕೇಂದ್ರಗಳ, ಅಂದರೆ ಸಂತ್ರಸ್ತರ ಆಶ್ರಯ ಶಿಬಿರಗಳ, ಪಟ್ಟಿ ಮಾಡುತ್ತದೆ, ಅಪಾಯದ ಜಾಗಗಳನ್ನು ಗುರುತಿಸುತ್ತದೆ. ಊರಿನವರು ಮಾಡಬಹುದಾದ ಪಟ್ಟಿ ಇನ್ನೊಂದಿದೆ. ನಮ್ಮ ತೋಟದ, ಪಕ್ಕದ ತೋಟದ ಲೈನ್ ಮನೆಗಳಲ್ಲಿ ಎಷ್ಟು ಜನ ಇದ್ದಾರೆ, ಎಷ್ಟು ಹಸುಗೂಸು, ಯಾರು ಬಸುರಿ, ಯಾರ ಹತ್ತಿರ ಫೋನಿದೆ, ಯಾರಿಗೆ ಕನ್ನಡ ಬರುವುದಿಲ್ಲ. ಅಸ್ಸಾಮಿನಿಂದ ಹೋದ ತಿಂಗಳು ಬಂದವನ ಹೆಸರು ಪಂಚಾಯಿತಿಯ ಯಾವ ಪುಸ್ತಕದಲ್ಲೂ ಇರುವುದಿಲ್ಲ. ತೋಟದ ಲೆಕ್ಕ ಬರೆಯುವ ರೈಟರ ಹಾಜರಿ ಪುಸ್ತಕದಲ್ಲಿ ಇರುತ್ತದೆ. ಆ ಪುಸ್ತಕದ ಒಂದು ಪ್ರತಿ ಜೂನ್ ಮೊದಲ ವಾರದೊಳಗೆ ಪಂಚಾಯಿತಿಗೂ ಹತ್ತಿರದ ಕಾಳಜಿ ಕೇಂದ್ರಕ್ಕೂ ತಲುಪಿದರೆ, ಬರೆ ಕುಸಿದ ರಾತ್ರಿ ಯಾರು ಬಂದಿಲ್ಲ ಎಂದು ಹುಡುಕುವವರಿಗೆ ಎಣಿಕೆ ಸಿಗುತ್ತದೆ. ಇದಕ್ಕೆ ಸರ್ಕಾರದ ಆದೇಶ ಬೇಕಿಲ್ಲ, ಬೆಳೆಗಾರರ ಸಂಘಗಳೂ ಸ್ತ್ರೀಶಕ್ತಿ ಗುಂಪುಗಳೂ ಈ ಮಳೆಗಾಲಕ್ಕೇ ಶುರು ಮಾಡಬಹುದು.