ಪುಟ್ಟ ಮೀನಿನ ತೊಟ್ಟಿಗೆ ಯಾವ ಫಿಲ್ಟರ್?

ನಾನು ಮೀನು ಸಾಕಲು ಶುರು ಮಾಡಿದ ಹೊಸತರಲ್ಲಿ ಫಿಲ್ಟರಿನ ಸ್ಪಾಂಜ್ ಕಂದು ಬಣ್ಣಕ್ಕೆ ತಿರುಗಿದ್ದು ನೋಡಿ ಬೇಜಾರಾಗಿತ್ತು. ನಲ್ಲಿ ಕೆಳಗೆ ಹಿಡಿದು, ಹೊಸದರಂತೆ ಆಗುವವರೆಗೆ ತಿಕ್ಕಿ ತೊಳೆದೆ. ಎರಡು ದಿನಕ್ಕೆ ಮೀನುಗಳು ಮೇಲೆ ಬಂದು ಬಾಯಿ ಬಿಡತೊಡಗಿದವು. ಕಿವಿರುಗಳು ಪಟಪಟ ಬಡಿಯುತ್ತಿದ್ದವು. ಮೂರನೇ ದಿನ ಎರಡು ಗಪ್ಪಿ ಸತ್ತವು. ನೀರು ಮಾತ್ರ ಆಗಲೂ ಕನ್ನಡಿಯಂತೆ ತಿಳಿಯಾಗಿತ್ತು.

ಆ ತಿಳಿನೀರಿನಲ್ಲಿ ಸೇರಿಕೊಂಡಿದ್ದು ಅಮೋನಿಯಾ. ಅದು ಕಣ್ಣಿಗೆ ಕಾಣುವುದಿಲ್ಲ. ಮೀನು ತಿಂದ ಪ್ರೊಟೀನಿನಲ್ಲಿರುವ ಸಾರಜನಕ ಬಹುಪಾಲು ಅಮೋನಿಯಾ ಆಗಿ ಕಿವಿರಿನಿಂದಲೇ ಹೊರಗೆ ಹೋಗುತ್ತದೆ. ತಿನ್ನದೆ ಬಿಟ್ಟ ಆಹಾರ, ಕೊಳೆತ ಎಲೆ ಕೂಡ ಅದನ್ನೇ ಬಿಡುತ್ತವೆ. ಕೆರೆಯಲ್ಲಾದರೆ ಅಷ್ಟು ನೀರಿನಲ್ಲಿ ಇದು ಲೆಕ್ಕಕ್ಕೇ ಬರುವುದಿಲ್ಲ. ತೊಟ್ಟಿ ಚಿಕ್ಕದಾದಷ್ಟೂ ಅಮೋನಿಯಾ ಬೇಗ ಏರುತ್ತದೆ. ನೀರಿನಲ್ಲಿ ಉಪ್ಪಿನಂತೆ ಕರಗಿರುವ ಅದನ್ನು ಯಾವ ಸ್ಪಾಂಜೂ ಸೋಸಲಾರದು.

ಹಾಗಾದರೆ ಫಿಲ್ಟರ್ ಮಾಡುವ ಕೆಲಸವೇನು? ಗಲೀಜು ಹಿಡಿಯುವುದು ಅದರ ಸಣ್ಣ ಕೆಲಸ. ದೊಡ್ಡ ಕೆಲಸ ಅಂದ್ರೆ ಬ್ಯಾಕ್ಟೀರಿಯಾಗಳಿಗೆ ಮನೆ ಕೊಡುವುದು. ಒಂದು ಗುಂಪು ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ. ನೈಟ್ರೈಟ್ ಕೂಡ ವಿಷವೇ. ಅದು ಮೀನಿನ ರಕ್ತಕ್ಕೆ ಸೇರಿದರೆ ರಕ್ತ ಕಂದಾಗಿ, ಆಮ್ಲಜನಕ ಹೊರುವ ಶಕ್ತಿ ಕಳೆದುಕೊಳ್ಳುತ್ತದೆ. ಇನ್ನೊಂದು ಗುಂಪು ಅದನ್ನು ನೈಟ್ರೇಟ್ ಮಾಡುತ್ತದೆ. ನೈಟ್ರೇಟಿನ ಕಾಟ ಬಹಳ ಕಡಿಮೆ. ಗಿಡಗಳು ಒಂದಷ್ಟು ಹೀರುತ್ತವೆ, ಉಳಿದದ್ದು ನೀವು ಆಗಾಗ ಒಂದಿಷ್ಟು ನೀರು ಬದಲಿಸಿದಾಗ ಹೊರಗೆ ಹೋಗುತ್ತದೆ.

ಮಣ್ಣಿನಲ್ಲಿ ಇಂಥ ಜೀವಿಗಳಿವೆ ಎಂದು 1890ರ ಸುಮಾರಿಗೆ ಸೆರ್ಗೆಯ್ ವಿನೊಗ್ರಾಡ್‌ಸ್ಕಿ ಎಂಬ ರಷ್ಯಾದ ವಿಜ್ಞಾನಿ ತೋರಿಸಿಕೊಟ್ಟರು. ತೊಟ್ಟಿಯೊಳಗಿನ ಕಥೆ ಮಾತ್ರ ಇತ್ತೀಚೆಗೆ ಬಿಚ್ಚಿಕೊಳ್ಳುತ್ತಿದೆ. 2005ರಲ್ಲಿ, ಅಮೋನಿಯಾ ತಿಂದು ಬದುಕುವ, ಬ್ಯಾಕ್ಟೀರಿಯಾ ಅಲ್ಲದ ಬೇರೆಯೇ ಕುಲದ ಜೀವಿಯನ್ನು ಮೊದಲ ಬಾರಿ ಬೇರ್ಪಡಿಸಿ ಬೆಳೆಸಿದರು. ಅದು ಆರ್ಕಿಯಾ ಕುಲದ್ದು. ಸಿಕ್ಕಿದ್ದು ಅಮೆರಿಕದ ಸಿಯಾಟಲ್ ಅಕ್ವೇರಿಯಂನ ಸಮುದ್ರನೀರಿನ ತೊಟ್ಟಿಯಲ್ಲಿ, ತಳದ ಜಲ್ಲಿಕಲ್ಲಿನ ನಡುವೆ! 2015ರಲ್ಲಿ ಎರಡೂ ಹಂತದ ಕೆಲಸವನ್ನು ಒಬ್ಬಂಟಿಯಾಗಿ ಮಾಡುವ ಬ್ಯಾಕ್ಟೀರಿಯಾ ಇದೆ ಎಂದು ಎರಡು ತಂಡಗಳು ಪ್ರಕಟಿಸಿದವು. ಒಂದು ತಂಡಕ್ಕೆ ಅದು ಸಿಕ್ಕಿದ್ದು ಮೀನು ಸಾಕಣೆಯ ಫಿಲ್ಟರಿನಲ್ಲೇ. ನಾನು ತಿಕ್ಕಿ ತೊಳೆದ ಕಂದು ಲೋಳೆಯ ಬಗ್ಗೆ ಇದನ್ನೆಲ್ಲ ಓದಿದಾಗ ಸಂಕಟವೂ ಆಯಿತು, ಬೆರಗೂ ಆಯಿತು.

ಈ ಬ್ಯಾಕ್ಟೀರಿಯಾಗಳು ನೀರಿನಲ್ಲಿ ತೇಲಾಡಿಕೊಂಡಿರುವ ಜಾತಿಯಲ್ಲ. ಎಲ್ಲಾದರೂ ಅಂಟಿಕೊಂಡು ಕೂರಬೇಕು, ಮೇಲೆ ಗಾಳಿ ಕರಗಿದ ನೀರು ಹರಿಯುತ್ತಿರಬೇಕು. ಫಿಲ್ಟರ್ ಆರಿಸುವಾಗ ನಾನು ಮೊದಲು ನೋಡುವುದು ಇವೆರಡನ್ನೇ. ಅಂಟಿಕೊಳ್ಳಲು ಜಾಗ ಎಷ್ಟಿದೆ, ನೀರು ಹೇಗೆ ಹರಿಯುತ್ತದೆ.

ಐವತ್ತು ಲೀಟರ್ ಒಳಗಿನ ತೊಟ್ಟಿಗೆ, ಮೀನು ಸಣ್ಣವಿದ್ದರೆ, ನನ್ನ ಆಯ್ಕೆ ಸ್ಪಾಂಜ್ ಫಿಲ್ಟರ್. ಒಂದು ಸ್ಪಾಂಜ್, ನಡುವೆ ಕೊಳವೆ, ಹೊರಗೊಂದು ಏರ್ ಪಂಪ್, ಅಷ್ಟೇ. ಕೊಳವೆಯೊಳಗೆ ಗುಳ್ಳೆ ತುಂಬಿದ ನೀರು ಸುತ್ತಲಿನ ನೀರಿಗಿಂತ ಹಗುರ. ಅದು ಮೇಲೇರುತ್ತದೆ, ಆ ಜಾಗಕ್ಕೆ ಸ್ಪಾಂಜಿನ ಮೂಲಕ ಬೇರೆ ನೀರು ನುಗ್ಗುತ್ತದೆ. ಸ್ಪಾಂಜಿನ ಹೊರಮೈ ಅಂಗೈಯಷ್ಟೇ ಇರಬಹುದು. ಆದರೆ ಒಳಗಿನ ಒಂದೊಂದು ರಂಧ್ರದ ಗೋಡೆಯೂ ಬ್ಯಾಕ್ಟೀರಿಯಾಗಳಿಗೆ ಜಾಗವೇ. ಸೆಳೆತ ಮೆತ್ತಗಿರುವುದರಿಂದ ಮರಿಮೀನು, ಪುಟ್ಟ ಸೀಗಡಿ ಒಳಗೆ ಎಳೆದುಕೊಂಡು ಹೋಗುವ ಭಯವಿಲ್ಲ. ಉದ್ದ ರೆಕ್ಕೆಯ ಬೆಟ್ಟಾ ಮೀನಿಗಂತೂ ಇಂಥ ಮೆಲ್ಲನೆಯ ಹರಿವೇ ಬೇಕು. ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲೆ ಇಡಿ. ಇಲ್ಲದಿದ್ದರೆ ಕರೆಂಟ್ ಹೋದಾಗ ಪೈಪಿನಲ್ಲಿ ನೀರು ವಾಪಸ್ ಬಂದು ಪಂಪ್ ಹಾಳಾಗುತ್ತದೆ. ಇದನ್ನು ತಡೆಯುವ ಪುಟ್ಟ ವಾಲ್ವ್ ಕೂಡ ಸಿಗುತ್ತದೆ, ಹಾಕಿಕೊಳ್ಳಿ.

ಗಾಜಿನ ಅಂಚಿಗೆ ನೇತುಹಾಕುವ ಫಿಲ್ಟರ್ ಕೂಡ ಒಳ್ಳೆಯದೇ. ಆದರೆ ಒಂದು ವಿಷಯಕ್ಕೆ ಹುಷಾರಾಗಿರಿ. ಕೆಲವದರ ಜೊತೆ ಕಾರ್ಟ್ರಿಡ್ಜ್, ಅಂದರೆ ಒಳಗೆ ಕೂರಿಸುವ ಸಿದ್ಧ ಸೋಸುಪಟ್ಟಿ, ಬರುತ್ತದೆ, ತಿಂಗಳಿಗೊಮ್ಮೆ ಎಸೆದು ಹೊಸದು ಹಾಕಿ ಎಂಬ ಸೂಚನೆಯೂ ಇರುತ್ತದೆ. ಎಸೆದರೆ ಬ್ಯಾಕ್ಟೀರಿಯಾಗಳ ಮನೆಯನ್ನೇ ಎಸೆದ ಹಾಗೆ ಅಲ್ವಾ? ಒಳಗೆ ನಮ್ಮದೇ ಸ್ಪಾಂಜ್, ಸೆರಾಮಿಕ್ ಉಂಗುರ ತುಂಬಲು ಜಾಗವಿರುವಂಥದ್ದನ್ನೇ ಕೊಳ್ಳಿ. ಇದ್ದಿಲಿನ ಚೀಲ ಬಣ್ಣ, ವಾಸನೆ, ಉಳಿದ ಔಷಧಿ ಹೀರುತ್ತದೆ. ಅಮೋನಿಯಾಗೆ ಅದು ಮದ್ದಲ್ಲ. ಹೊರಗಿಡುವ ದೊಡ್ಡ ಡಬ್ಬಿ ಫಿಲ್ಟರ್ ಪುಟ್ಟ ತೊಟ್ಟಿಗೆ ಬೇಕಿಲ್ಲ.

ಮೋಟಾರ್ ಇರುವ ಫಿಲ್ಟರ್ ಆದರೆ ಲೆಕ್ಕ ಹೀಗೆ. ತೊಟ್ಟಿಯ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 1000ದಿಂದ ಭಾಗಿಸಿ. 45, 30, 30 ಆದರೆ ಸುಮಾರು 40 ಲೀಟರ್. ಗಂಟೆಗೆ ಅದರ ನಾಲ್ಕೈದು ಪಟ್ಟು, ಅಂದರೆ 160ರಿಂದ 200 ಲೀಟರ್ ಹರಿದರೆ ಸಾಕು. ಪೆಟ್ಟಿಗೆ ಮೇಲಿನ ಸಂಖ್ಯೆ ಸಾಮಾನ್ಯವಾಗಿ ಒಳಗೆ ಏನೂ ತುಂಬದೆ ಅಳೆದದ್ದು, ಹಾಗಾಗಿ ಸ್ವಲ್ಪ ಜಾಸ್ತಿ ಇರುವುದನ್ನೇ ತೆಗೆದುಕೊಳ್ಳಿ. ಗೋಲ್ಡ್‌ಫಿಶ್ ಇದ್ದರೆ ಇನ್ನೂ ಜಾಸ್ತಿ ಬೇಕು. ಅವು ಮಾಡುವ ಗಲೀಜು ಅಷ್ಟಿಷ್ಟಲ್ಲ.

ಯಾವುದೇ ಫಿಲ್ಟರ್ ಇಟ್ಟರೂ ಬ್ಯಾಕ್ಟೀರಿಯಾಗಳು ನೆಲೆಯೂರಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಅಷ್ಟರೊಳಗೆ ಅವಸರಪಟ್ಟು ಮೀನು ಬಿಟ್ಟರೆ ನರಳುವುದು ಮೀನೇ. ಮೀನು ಆರೋಗ್ಯವಾಗಿರುವ ಯಾರದ್ದಾದರೂ ತೊಟ್ಟಿಯಿಂದ ಹಳೇ ಸ್ಪಾಂಜಿನ ಒಂದು ತುಂಡು ಸಿಕ್ಕರೆ ಕಾಯುವ ದಿನ ಕಡಿಮೆಯಾಗುತ್ತದೆ. ಅದನ್ನು ಒಣಗಲು ಬಿಡದೆ ತೊಟ್ಟಿಯ ನೀರಿನಲ್ಲೇ ಮುಳುಗಿಸಿ ತನ್ನಿ.

ನಾನು ಈಗ ನಲ್ಲಿ ಹತ್ತಿರ ಹೋಗುವುದಿಲ್ಲ. ನಲ್ಲಿನೀರಿಗೆ ಹಾಕುವ ಕ್ಲೋರಿನ್ ಕೆಲಸವೇ ಬ್ಯಾಕ್ಟೀರಿಯಾ ಕೊಲ್ಲುವುದು. ನೀರು ಬದಲಿಸುವ ದಿನ ತೊಟ್ಟಿಯಿಂದ ತೆಗೆದ ನೀರನ್ನೇ ಬಕೆಟ್ಟಿಗೆ ತುಂಬಿ, ಸ್ಪಾಂಜನ್ನು ಅದರಲ್ಲಿ ಮುಳುಗಿಸಿ ಮೂರ್ನಾಲ್ಕು ಸಲ ಮೆಲ್ಲಗೆ ಹಿಂಡುತ್ತೇನೆ. ನೀರು ಚಹಾ ಬಣ್ಣಕ್ಕೆ ತಿರುಗುತ್ತದೆ. ಮಳೆ ಬಿದ್ದ ಮಣ್ಣಿನ ವಾಸನೆ ಬರುತ್ತದೆ. ಬೆರಳಿಗೆ ಇನ್ನೂ ಸ್ವಲ್ಪ ಜಾರುಜಾರು ಅನ್ನಿಸುವಾಗಲೇ ನಿಲ್ಲಿಸಿ, ಕಂದು ಬಣ್ಣದಲ್ಲೇ ವಾಪಸ್ ಇಡುತ್ತೇನೆ. ಬಕೆಟ್ಟಿನ ನೀರು ಹೂವಿನ ಕುಂಡಕ್ಕೆ.