ಘಟ್ಟವೆಂಬ ದೊಡ್ಡ ದರೆ

ಶಿವಮೊಗ್ಗದಿಂದ ಆಗುಂಬೆಗೆ ಹೊರಟ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತವರಿಗೆ ಬೆಟ್ಟ ಹತ್ತಿದ್ದು ಗೊತ್ತೇ ಆಗುವುದಿಲ್ಲ. ಮಂಡಗದ್ದೆ, ತೀರ್ಥಹಳ್ಳಿ, ಮೇಗರವಳ್ಳಿ ದಾಟಿದರೂ ಸಣ್ಣಪುಟ್ಟ ಏರು, ಅಷ್ಟೇ ಇಳಿಜಾರು. ಶಿವಮೊಗ್ಗ ಸಮುದ್ರಮಟ್ಟದಿಂದ ಸುಮಾರು 570 ಮೀಟರ್ ಎತ್ತರದಲ್ಲಿದೆ, ಆಗುಂಬೆ ಸುಮಾರು 640ರಲ್ಲಿ. 90 ಕಿಲೋಮೀಟರ್ ದಾರಿಗೆ ಏರಿದ್ದು 70 ಮೀಟರ್. ಆಗುಂಬೆ ಪೇಟೆ ದಾಟುತ್ತಿದ್ದಂತೆ ಮಾತ್ರ ಕಾಲಡಿಯ ನೆಲವೇ ಮುಗಿದುಹೋಗುತ್ತದೆ. 14 ತಿರುವು ಇಳಿದು ಸೋಮೇಶ್ವರ ಮುಟ್ಟುವಷ್ಟರಲ್ಲಿ ನಾವು 500 ಮೀಟರ್‌ಗೂ ಹೆಚ್ಚು ಕೆಳಗೆ ಬಂದಿರುತ್ತೇವೆ.

ಶಾಲೆಯಲ್ಲಿ ಪಶ್ಚಿಮ ಘಟ್ಟವನ್ನು ಪರ್ವತಶ್ರೇಣಿ ಎಂದು ಬಾಯಿಪಾಠ ಮಾಡಿದ್ದೆವು. ಹಿಮಾಲಯದಂತೆ ಎರಡೂ ಕಡೆ ಇಳಿಜಾರಿರುವ ಗೋಡೆಯೊಂದು ಮನಸ್ಸಿನಲ್ಲಿ ನಿಂತುಬಿಟ್ಟಿತ್ತು. ನಮ್ಮ ಆಡುಮಾತು ಹೇಳುವುದೇ ಬೇರೆ. ಕರಾವಳಿಯವರಿಗೆ ಮಲೆನಾಡಿನ ನಾವು ‘ಘಟ್ಟದ ಮೇಲಿನವರು’, ಅವರು ನಮಗೆ ‘ಘಟ್ಟದ ಕೆಳಗಿನವರು’. ಘಟ್ಟದ ಆಚೆ, ಈಚೆ ಎಂದು ನಮ್ಮ ಹಿರಿಯರು ಹೇಳಿದ್ದನ್ನು ನಾನು ಕೇಳಿಲ್ಲ. ಅವರ ಪಾಲಿಗೆ ಅದು ಗೋಡೆಯಲ್ಲ, ಮೆಟ್ಟಿಲು. ಭೂವಿಜ್ಞಾನ ಒಪ್ಪುವುದೂ ಈ ಮಾತನ್ನೇ: ಘಟ್ಟ ಎಂದರೆ ದಖ್ಖನ್ ಪ್ರಸ್ಥಭೂಮಿಯ ಕಡಿದಾದ ಪಶ್ಚಿಮದ ಅಂಚು. 1343 ಮೀಟರ್ ಎತ್ತರದ ಕೊಡಚಾದ್ರಿಯಂಥ ಶಿಖರಗಳು ಆ ಅಂಚಿನ ಮೇಲೆ ಎದ್ದುನಿಂತಿವೆ.

ಈ ಅಂಚು ಹೇಗಾಯಿತು? ಸುಮಾರು 8.8 ಕೋಟಿ ವರ್ಷಗಳ ಹಿಂದೆ ಭಾರತ ಮತ್ತು ಮಡಗಾಸ್ಕರ್ ಒಂದಕ್ಕೊಂದು ಅಂಟಿಕೊಂಡಿದ್ದ ನೆಲ ಸೀಳಿ ಬೇರೆಯಾಯಿತು. ಸೀಳಿದ ಕಡೆ ಒಂದು ಅಂಚು ಉಳಿಯಿತು. ಅದು ಅಂದು ಇದ್ದಲ್ಲೇ ಇಂದೂ ಇಲ್ಲ. ಮಲೆನಾಡಿನಲ್ಲಿ ಗುಡ್ಡ ಕಡಿದು ಮನೆ ಕಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಿತ್ತಲಿನ ದರೆಯ, ಅಂದರೆ ಕಡಿದ ಗುಡ್ಡದ ನೆಟ್ಟನೆಯ ಮಣ್ಣಗೋಡೆಯ, ಬುಡ ಮಳೆಗಾಲದಲ್ಲಿ ಸಡಿಲಾಗುತ್ತದೆ, ಮೇಲಿನ ಮಣ್ಣು ಜಾರಿ ಬೀಳುತ್ತದೆ, ದರೆಯ ಬಾಯಿ ಒಂದೆರಡು ಮೊಳ ಹಿಂದೆ ಸರಿಯುತ್ತದೆ. ಎತ್ತರ ಹೆಚ್ಚು ಕಡಿಮೆ ಅಷ್ಟೇ, ಜಾಗ ಮಾತ್ರ ಬೇರೆ. ಘಟ್ಟವೂ ಅಂಥದ್ದೇ ಒಂದು ದರೆ. ಕೋಟ್ಯಂತರ ಮಳೆಗಾಲಗಳಲ್ಲಿ ಅದು ಪೂರ್ವಕ್ಕೆ ಸರಿಯುತ್ತಾ ಬಂದಿದೆ.

ಸರಿಸುವ ಕೆಲಸ ಪಶ್ಚಿಮಕ್ಕೆ ಹರಿಯುವ ಹೊಳೆಗಳದ್ದು. ಸಮುದ್ರ ಹತ್ತಿರ, ಇಳಿಜಾರು ಕಡಿದು, ನೀರಿಗೆ ಕೊರೆಯುವ ಬಲ ಹೆಚ್ಚು. ಆಗುಂಬೆಯಲ್ಲಿ ವರ್ಷದ ಮಳೆ 7000 ಮಿಲಿಮೀಟರ್ ಮೀರುತ್ತದೆ ಎಂಬುದನ್ನೂ ಸೇರಿಸಿಕೊಳ್ಳಿ. ಶಿವಮೊಗ್ಗ ಪೇಟೆಗೆ ಬರುವಷ್ಟರಲ್ಲಿ ಅದು ಸಾವಿರದ ಆಸುಪಾಸಿಗೆ ಇಳಿಯುತ್ತದೆ. ಹೊಳೆ ತನ್ನ ತಲೆಯ, ಅಂದರೆ ತಾನು ಹುಟ್ಟುವ ಜಾಗದ, ಕಡೆಗೇ ಕೊರೆಯುತ್ತಾ ಪ್ರಸ್ಥಭೂಮಿಯನ್ನು ತಿನ್ನುತ್ತದೆ. ಜೋಗದ ಮುಂದೆ ನಿಂತಾಗ ನನಗೆ 253 ಮೀಟರ್ ಧುಮುಕುವ ನೀರಿಗಿಂತ ಅದರ ಕೆಳಗಿನ ಕಮರಿಯೇ ಹೆಚ್ಚು ಬೆರಗು ಹುಟ್ಟಿಸುತ್ತದೆ. ಬಂಡೆಯನ್ನು ಅಷ್ಟು ಆಳಕ್ಕೆ ತೋಡಿದ್ದು ಅದೇ ನೀರು. ಮಲೆನಾಡಿನ ತಳಪಾಯದಲ್ಲಿರುವ ನೈಸ್ (gneiss) ಎಂಬ ಪಟ್ಟೆಪಟ್ಟೆ ಶಿಲೆಯ ವಯಸ್ಸು 300 ಕೋಟಿ ವರ್ಷದ ಆಸುಪಾಸು. ಮೆತ್ತನೆಯ ಕಲ್ಲಲ್ಲ ಅದು.

ಅದೇ ಮಳೆ ಕಲ್ಲನ್ನು ಮಣ್ಣಾಗಿಸುವ ಬಗೆಯೂ ವಿಶೇಷ. ಸಿಲಿಕಾ ಕರಗಿ ತೊಳೆದುಹೋಗುತ್ತದೆ, ಕಬ್ಬಿಣ ಮತ್ತು ಅಲ್ಯೂಮಿನಿಯಂ ಅಂಶ ಉಳಿದು ಗಟ್ಟಿಯಾಗುತ್ತದೆ. ನಮ್ಮ ಗೋಡೆ, ಪಾಗಾರಗಳ ಜಂಬಿಟ್ಟಿಗೆ ಹುಟ್ಟುವುದು ಹೀಗೆ. 1800–01ರಲ್ಲಿ ಮೈಸೂರು, ಮಲಬಾರ್, ಕೆನರಾ ಸೀಮೆಗಳನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಇದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟ. ಲ್ಯಾಟಿನ್‌ನಲ್ಲಿ ‘ಲೇಟರ್’ ಎಂದರೆ ಇಟ್ಟಿಗೆ.

ದೇಶದ ನೆಲದ ರೂಪ ಕಲಿಯಬೇಕಾದ ಮಕ್ಕಳಿಗೆ ಮೊದಲು ತೀರ್ಥಹಳ್ಳಿ ತಾಲ್ಲೂಕಿನ ನಕ್ಷೆ ಕೊಡಬೇಕು ಎನ್ನುವವನು ನಾನು. ಭಾರತೀಯ ಸರ್ವೇಕ್ಷಣಾ ಇಲಾಖೆಯ 1:50,000 ಅಳತೆಯ ನಕ್ಷೆಯಲ್ಲಿ ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಗೆರೆಗಳಿರುತ್ತವೆ. ಅಂಚಿನ ಪೂರ್ವಕ್ಕೆ ಅವು ಬಿಡಿಬಿಡಿಯಾಗಿ ಬಳುಕುತ್ತವೆ, ಪಶ್ಚಿಮಕ್ಕೆ ಬಂದರೆ ಒಂದರ ಮೇಲೊಂದು ಬಿದ್ದಂತೆ ಒತ್ತಾಗುತ್ತವೆ. ಆ ಮೇಲೆ ನೀರಿನ ಜಾಡು ಹಿಡಿಯಲಿ. ಶರಾವತಿ ಹುಟ್ಟುವ ಅಂಬುತೀರ್ಥ ಇದೇ ತಾಲ್ಲೂಕಿನಲ್ಲಿದೆ. ಅಲ್ಲಿಯ ನೀರು ಜೋಗದಲ್ಲಿ ಧುಮುಕಿ ಹೊನ್ನಾವರದಲ್ಲಿ ಅರಬ್ಬೀ ಸಮುದ್ರ ಸೇರುತ್ತದೆ. ತೀರ್ಥಹಳ್ಳಿ ಪೇಟೆಯ ಮಗ್ಗುಲಲ್ಲಿ ಹರಿಯುವ ತುಂಗೆ ಕೂಡ್ಲಿಯಲ್ಲಿ ಭದ್ರೆಯನ್ನು ಕೂಡಿ, ಕೃಷ್ಣೆಗೆ ಸೇರಿ, ಬಂಗಾಳ ಕೊಲ್ಲಿಗೆ ಹೋಗುತ್ತಾಳೆ. ಹೆಂಚಿನ ಮಾಡಿನ ನೆತ್ತಿಯ ಮೇಲೆ ಬಿದ್ದ ಮಳೆ ಅರ್ಧ ಅಂಗಳಕ್ಕೆ, ಅರ್ಧ ಹಿತ್ತಲಿಗೆ ಇಳಿದ ಹಾಗೆ.

ಇವೆರಡರ ನಡುವಿನ ನೆತ್ತಿ ಎಲ್ಲಿದೆ ಎಂದು ಹುಡುಕಿಕೊಂಡು ಹೋದರೆ ದೊಡ್ಡ ಪರ್ವತವೇನೂ ಎದುರಾಗುವುದಿಲ್ಲ. ಕಾನಿನ ನಡುವಿನ ಯಾವುದೋ ಸಾಧಾರಣ ದಿಬ್ಬ, ಈಚೆ ಬದಿಗೊಂದು ಹಳ್ಳ, ಆಚೆ ಬದಿಗೊಂದು ಹಳ್ಳ.