ತ್ಸುನ್: ಅಕ್ಯುಪಂಕ್ಚರ್ ಬಿಂದುಗಳ ಅಳತೆ

ಅಕ್ಯುಪಂಕ್ಚರ್ ಪಟಗಳಲ್ಲಿ ‘ಮಣಿಕಟ್ಟಿನಿಂದ 2 ತ್ಸುನ್ ಮೇಲೆ’ ಎಂಬಂಥ ಸೂಚನೆ ಇರುತ್ತದೆ. ಇದನ್ನು 2 ಇಂಚು ಎಂದುಕೊಂಡರೆ ಬಿಂದು ತಪ್ಪಿತೆಂದೇ ಲೆಕ್ಕ. ಚೀನೀಯರ ತ್ಸುನ್, ಜಪಾನೀಯರ ಸುನ್, ಕೊರಿಯನ್ನರ ಚೋನ್ ಎಲ್ಲವೂ ಒಂದೇ. ಚಿಕಿತ್ಸೆಯ ಮಟ್ಟಿಗೆ ಅದು ರೋಗಿಯ ಮೈಯಿಂದಲೇ ಹುಟ್ಟುವ ಅಳತೆ. ಆಯುರ್ವೇದದಲ್ಲಿ ಮರ್ಮಸ್ಥಾನಗಳನ್ನು ರೋಗಿಯ ಸ್ವಂತ ಅಂಗುಲದಿಂದ ಅಳೆಯುವುದೂ ಇದೇ ಬಗೆ.

ಮೊದಲು ನಂಬಬೇಕಾದ್ದು ಮೂಳೆಯ ಅಳತೆ. ಮೈಯ ಗೊತ್ತಾದ ಎರಡು ಗುರುತುಗಳ ನಡುವಿನ ದೂರವನ್ನು ಇಷ್ಟೇ ಭಾಗವೆಂದು ಹಂಚುತ್ತಾರೆ. ಮೊಣಕೈ ಗೆರೆಯಿಂದ ಮಣಿಕಟ್ಟಿನ ಗೆರೆಗೆ 12 ತ್ಸುನ್. ಹೊಕ್ಕುಳಿನಿಂದ ಕೆಳಗೆ ಜಘನಾಸ್ಥಿಯ (ಕೆಳಹೊಟ್ಟೆಯ ಕೊನೆಯಲ್ಲಿ ಸಿಗುವ ಮೂಳೆ) ಮೇಲಂಚಿಗೆ 5. ಮುಂಗೈ 24 ಸೆಂ.ಮೀ. ಇದ್ದವರಿಗೆ ಅಲ್ಲಿ ಒಂದು ತ್ಸುನ್ ಎಂದರೆ 2 ಸೆಂ.ಮೀ.; 15 ಸೆಂ.ಮೀ. ಮುಂಗೈಯ ಮಗುವಿಗೆ ಒಂದೂಕಾಲು. ಈ ಕ್ರಮ ಹಳೆಯದು. ಚೀನದ ಪ್ರಾಚೀನ ವೈದ್ಯಗ್ರಂಥ ‘ಲಿಂಗ್‌ಶು’ವಿನ 14ನೇ ಅಧ್ಯಾಯ 75 ತ್ಸುನ್ ಎತ್ತರದ ಮನುಷ್ಯನನ್ನು ಮಾದರಿಯಾಗಿಟ್ಟು ಮೂಳೆಗಳನ್ನು ಅಳೆಯುತ್ತದೆ.

ಬೆರಳಳತೆ ಅವಸರಕ್ಕೆ. ಹೆಬ್ಬೆರಳ ಗೆಣ್ಣಿನ ಅಗಲ 1 ತ್ಸುನ್. ಕಿರುಬೆರಳು ಸೇರಿ ನಾಲ್ಕು ಬೆರಳು ಜೋಡಿಸಿದರೆ, ನಡುಬೆರಳ ನಡುಗೆಣ್ಣಿನ ಮಟ್ಟದಲ್ಲಿ, 3 ತ್ಸುನ್. ತುದಿಯ ಹತ್ತಿರ ಅಳೆದರೆ ಕಡಿಮೆ ಬರುತ್ತದೆ, ಬೆರಳು ಅಗಲಿಸಿದರೆ ಹೆಚ್ಚು. ಎಲ್ಲಕ್ಕಿಂತ ಸಾಮಾನ್ಯ ತಪ್ಪು, ಅಳೆಯುವವರು ತಮ್ಮದೇ ಬೆರಳು ಇಡುವುದು. ದಪ್ಪ ಕೈಯವರು ಸಣ್ಣ ಮೈಯವರನ್ನು ಹಾಗೆ ಅಳೆದರೆ 3 ತ್ಸುನ್ ಅಳತೆ ಸುಲಭವಾಗಿ 4ಕ್ಕೆ ಹೋಗುತ್ತದೆ.

ವಾಂತಿ, ಓಕರಿಕೆಗೆ ಒತ್ತುವ ನೈಗುಆನ್ ಬಿಂದುವನ್ನೇ ನೋಡಿ. ಪಟಗಳಲ್ಲಿ ಇದು ಪಿಸಿ 6. ಅಂಗೈ ಮೇಲೆ ಮಾಡಿ, ಮಣಿಕಟ್ಟಿನ ಗೆರೆಯಿಂದ 2 ತ್ಸುನ್ ಮೊಣಕೈ ಕಡೆಗೆ ಸಾಗಿ. ಮುಷ್ಟಿ ಹಿಡಿದು ಮಣಿಕಟ್ಟನ್ನು ಸ್ವಲ್ಪ ಮಡಚಿದರೆ ಎರಡು ಸ್ನಾಯುರಜ್ಜುಗಳು ಎದ್ದು ಕಾಣುತ್ತವೆ. ಬಿಂದು ಅವುಗಳ ನಡುವೆ. ಕೆಲವರ ಕೈಯಲ್ಲಿ ಒಂದು ರಜ್ಜು ಹುಟ್ಟಿನಿಂದಲೇ ಇರುವುದಿಲ್ಲ. ಆಗ ಹೆಬ್ಬೆರಳ ಕಡೆಯದನ್ನು ಹಿಡಿದು, ಅದರ ಕಿರುಬೆರಳ ಕಡೆಯ ಮಗ್ಗುಲಿನಲ್ಲಿ ಹುಡುಕಬೇಕು. ಶಸ್ತ್ರಚಿಕಿತ್ಸೆಯ ನಂತರದ ವಾಕರಿಕೆಗೆ ಈ ಬಿಂದುವಿನ ಪ್ರಯೋಜನದ ಬಗ್ಗೆ ತಕ್ಕಮಟ್ಟಿನ ಪುರಾವೆ ಇದೆ. ‘ಇಡೀ ದೇಹಕ್ಕೆ ಒಳ್ಳೆಯದು’ ಎಂಬ ಮಾತಿಗೆ ಅಷ್ಟು ಬಲವಿಲ್ಲ.

ಇನ್ನೊಂದು ಗೊಂದಲ ಸೂಜಿಯದು. ಅಂಗಡಿಯಲ್ಲಿ ‘1 ತ್ಸುನ್ ಸೂಜಿ’ ಎಂದರೆ ಸುಮಾರು 25 ಮಿ.ಮೀ. ಉದ್ದದ್ದು, ಒಂದೂವರೆಯದು 40 ಮಿ.ಮೀ. ಚೀನದ ಮಾರುಕಟ್ಟೆಯ ತ್ಸುನ್ ಬೇರೆಯೇ, 3.33 ಸೆಂ.ಮೀ. ಚುಚ್ಚುವ ಆಳದಲ್ಲಿ ಈ ಮೂರನ್ನೂ ಕಲಸಿಬಿಟ್ಟರೆ ಅಪಾಯ. ಹೆಗಲ ಮೇಲಿನ ಜಿಯಾನ್‌ಜಿಂಗ್ ಬಿಂದುವಿನ ಕೆಳಗೆ ಶ್ವಾಸಕೋಶದ ತುದಿ ಇದೆ. ಅಲ್ಲಿ ಅರ್ಧ ತ್ಸುನ್ ದಾಟಿ ನೇರ ಚುಚ್ಚಿದರೆ, ಅದರಲ್ಲೂ ತೆಳ್ಳಗಿನವರಿಗೆ, ಶ್ವಾಸಕೋಶಕ್ಕೆ ತೂತು ಬಿದ್ದು ಎದೆಗೂಡಿನೊಳಗೆ ಗಾಳಿ ಸೇರಬಹುದು. ಮನೆಯಲ್ಲಿ ಪ್ರಯತ್ನಿಸುವವರು ಬೆರಳಿನಿಂದ ಒತ್ತಬಹುದು. ಸೂಜಿ ಮಾತ್ರ ತರಬೇತಿ ಪಡೆದವರ ಕೈಯಲ್ಲೇ ಇರಲಿ.